ಹಳೆ ಮಿಯಾಟಾಗೆ ಹೊಸ ಸಸ್ಪೆನ್ಷನ್: ಬಜೆಟ್ ನೋಡಿ ಖರ್ಚು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಮಾಜ್ದಾ ಎಂಎಕ್ಸ್-5 ಕಾರಿನ ಮೊದಲ ಎರಡು ತಲೆಮಾರುಗಳಿಗೆ ಮಾತ್ರ. ಅಮೆರಿಕದಲ್ಲಿ ಇದೇ ಕಾರು ಮಿಯಾಟಾ, ಜಪಾನಿನಲ್ಲಿ ಮೊದಲ ತಲೆಮಾರಿನದು ಯೂನೋಸ್ ರೋಡ್‌ಸ್ಟರ್. ಹೆಡ್‌ಲೈಟ್ ಮೇಲೆದ್ದು ಬರುವಂಥದ್ದು ಎನ್‌ಎ, 1989ರಿಂದ 1997. ಹೆಡ್‌ಲೈಟ್ ಬಾಡಿಯಲ್ಲೇ ಕೂತಿರುವುದು ಎನ್‌ಬಿ, 1998ರಿಂದ 2005. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರ ಕೈಗೆಟಕುವ ಸ್ಪೋರ್ಟ್ಸ್ ಕಾರುಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಆದರೆ ಎನ್‌ಎಗಳಲ್ಲಿ ತೀರಾ ಹೊಸದಕ್ಕೂ ಈಗ 25 ವರ್ಷ ದಾಟಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಮೊದಲ ದುಡ್ಡು ಯಾವುದಕ್ಕೆ ಹಾಕಬೇಕು?

ಟಯರಿಗೆ. ಆಮೇಲೆ ತುಕ್ಕು, ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡು ಕೀಲು), ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು). ಇವೆಲ್ಲ ಮುಗಿದ ಮೇಲೆ ಶಾಕ್ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ಮತ್ತು ಸ್ಪ್ರಿಂಗ್.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಈ ಕಾರುಗಳು ವರ್ಷಕ್ಕೆ ಹೆಚ್ಚು ಓಡುವುದಿಲ್ಲವಾದ್ದರಿಂದ ಟಯರಿನ ಗೀರುಗಳು ಹೊಸದರಂತೆ ಕಂಡರೂ ರಬ್ಬರ್ ಕಲ್ಲಾಗಿರುತ್ತದೆ. ಅಂಥ ಟಯರಿನ ಮೇಲೆ ಎಂಥ ಶಾಕ್ ಹಾಕಿದರೂ ಕಾರು ತಿರುವಿನಲ್ಲಿ ಜಾರುತ್ತದೆ. ಮೊದಮೊದಲ ಎನ್‌ಎಗೆ ಬಂದಿದ್ದ ಅಳತೆ 185/60 ಆರ್14. ಈ ಅಳತೆಯಲ್ಲಿ ಒಳ್ಳೆಯ ಟಯರ್ ಸಿಗುವುದು ಈಗ ಕಷ್ಟ. 15 ಇಂಚಿನ ಚಕ್ರಕ್ಕೆ ಹೋಗುವವರು 195/50 ಆರ್15 ಹಾಕಿದರೆ ಯಾವ ತಕರಾರೂ ಇರುವುದಿಲ್ಲ.

ತುಕ್ಕಿನ ವಿಷಯದಲ್ಲಿ ಬಾಗಿಲ ಕೆಳಗಿನ ಸಿಲ್, ಅದರಲ್ಲೂ ಹಿಂಚಕ್ರದ ಮುಂದಿನ ಭಾಗವನ್ನು ನೋಡಿ. ಎನ್‌ಬಿಯಾದರೆ ಮುಂದಿನ ಷಾಸಿ ರೈಲುಗಳನ್ನು (ಕಾರಿನ ತಳದ ಉದ್ದನೆಯ ಉಕ್ಕಿನ ತೊಲೆಗಳನ್ನು) ಕೆಳಗಿನಿಂದ ಟಾರ್ಚ್ ಬಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ರಸ್ತೆಗೆ ಉಪ್ಪು ಹಾಕುವ ಊರುಗಳಲ್ಲಿ ಈ ರೈಲುಗಳು ಒಳಗಿನಿಂದ ಕೊಳೆಯುತ್ತವೆ. ಸದ್ದು ಮಂಕಾಗಿದ್ದರೆ, ಪುಡಿ ಉದುರಿದರೆ, ಸಸ್ಪೆನ್ಷನ್ ದುಡ್ಡನ್ನು ವೆಲ್ಡಿಂಗಿಗೆ ಕೊಡಿ. ಮುಂದಿನ ಕೆಳಗಿನ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿದೆಯೇ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದೆಯೇ ಎಂದೂ ನೋಡಿ. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಇಲ್ಲಿ ಉಳಿತಾಯದ ಮಾತು ಬೇಡ.

ಶಾಕ್ ಹೋಗಿದೆ ಎಂದು ತಿಳಿಯುವುದು ಹೇಗೆ?

ಮೂಲೆಯನ್ನು ಒತ್ತಿ ಬಿಡುವ ಹಳೆ ಪರೀಕ್ಷೆ ಪೂರ್ತಿ ಸತ್ತ ಶಾಕನ್ನಷ್ಟೇ ತೋರಿಸುತ್ತದೆ. ಶಾಕಿನ ಮೈಮೇಲೆ ಎಣ್ಣೆ ಹರಿದ ಗುರುತು, ಟಯರಿನ ಸುತ್ತ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿರುವುದು, ಹೆದ್ದಾರಿಯ ಉಬ್ಬು ದಾಟಿದ ಮೇಲೆ ಕಾರಿನ ಮೂಗು ಎರಡು ಮೂರು ಸಲ ತೂಗುವುದು ಇನ್ನೂ ಖಚಿತ ಲಕ್ಷಣಗಳು. ಇವು ಕಾಣದಿದ್ದರೂ ಕಾರ್ಖಾನೆಯ ಮೂಲ ಶಾಕ್ ಇನ್ನೂ ಕಾರಿನಲ್ಲೇ ಇದ್ದರೆ ಅದು ಹೋಗಿದೆ ಎಂದೇ ಲೆಕ್ಕ ಹಾಕಿ.

ಕಾರನ್ನು ತಗ್ಗಿಸಿದರೆ ತಿರುವಿನಲ್ಲಿ ಚೆನ್ನಾಗಿ ಹೋಗುವುದಿಲ್ಲವೇ?

ಸ್ವಲ್ಪ ತಗ್ಗಿಸಿದರೆ ಹೌದು, ಹೆಚ್ಚು ತಗ್ಗಿಸಿದರೆ ಇಲ್ಲ. ಈ ಕಾರಿನಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ.

ಮಿಯಾಟಾದ ನಾಲ್ಕೂ ಮೂಲೆಯಲ್ಲಿ ಡಬಲ್ ವಿಷ್‌ಬೋನ್ ಇದೆ, ಅಂದರೆ ಪ್ರತಿ ಚಕ್ರವನ್ನು ಹಿಡಿದಿರುವುದು ಮೇಲೊಂದು ಕೆಳಗೊಂದು ಆರ್ಮ್. ವಿನ್ಯಾಸ ಸೊಗಸಾದದ್ದು, ಆದರೆ ಶಾಕ್ ಮೇಲಕ್ಕೆ ಓಡಾಡಲು ಇರುವ ಜಾಗ ಬಹಳ ಕಡಿಮೆ. ಎನ್‌ಎಯಲ್ಲಂತೂ ಇನ್ನೂ ಕಡಿಮೆ. ಶಾಕಿನ ದಂಡದ ಮೇಲ್ತುದಿಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರ್ ಅಥವಾ ಫೋಮಿನ ತುಂಡು ಇರುತ್ತದೆ. ಕಾರನ್ನು ಎರಡು ಇಂಚು ಇಳಿಸಿದರೆ ನಿಂತಲ್ಲೇ ಶಾಕಿನ ಮೈ ಆ ತುಂಡಿಗೆ ತಾಗಿಕೊಳ್ಳುವ ಹಂತಕ್ಕೆ ಬರುತ್ತದೆ. ಆಮೇಲೆ ನಿಮ್ಮ ಸ್ಪ್ರಿಂಗ್ ಯಾವುದಾದರೂ ಒಂದೇ, ಕಾರು ಓಡುತ್ತಿರುವುದು ಬಂಪ್ ಸ್ಟಾಪಿನ ಮೇಲೆ. ತಿರುವಿನ ನಡುವೆ ಒಂದು ಸಣ್ಣ ಉಬ್ಬು ಸಿಕ್ಕಿದರೆ ಸಾಕು, ಆ ಮೂಲೆ ಒಮ್ಮೆಲೇ ಬಿಗಿಯಾಗಿ ಟಯರ್ ಹಿಡಿತ ಬಿಡುತ್ತದೆ. ಹಿಂದೆ ಹೀಗಾದರೆ ಕಾರು ಸುತ್ತಿಬಿಡುತ್ತದೆ. ಜನ ಇದನ್ನು ಸ್ಪ್ರಿಂಗ್ ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಅಸಲಿಗೆ ಅಲ್ಲಿ ಸ್ಪ್ರಿಂಗಿಗೆ ಕೆಲಸವೇ ಉಳಿದಿಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ತಗ್ಗಿಸುತ್ತಾ ಹೋದಂತೆ ಕಾರಿನ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಅದು) ಅದರ ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿ, ಅದೇ ವೇಗದಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ.

ಎತ್ತರವನ್ನು ನೆಲದಿಂದ ಅಳೆಯಬೇಡಿ, ಟಯರ್ ಬದಲಾದರೆ ಅಳತೆಯೂ ಬದಲಾಗುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಿರಿ. ರಸ್ತೆಯ ಕಾರಿಗೆ ಮುಂದೆ 330 ಮಿಮೀ, ಅಂದರೆ 13 ಇಂಚು, ಹಿಂದೆ ಅದಕ್ಕಿಂತ 6 ಮಿಮೀ ಹೆಚ್ಚು. ಇದಕ್ಕಿಂತ ಕೆಳಗೆ ಹೋಗಬೇಡಿ ಎಂಬುದು ನಮ್ಮ ಗಟ್ಟಿ ಸಲಹೆ.

ನನ್ನ ಕಾರು ಬಂಪ್ ಸ್ಟಾಪಿಗೆ ಬಡಿಯುತ್ತಿದೆಯೇ ಎಂದು ಪತ್ತೆ ಮಾಡುವುದು ಹೇಗೆ?

ಒಂದು ಪ್ಲಾಸ್ಟಿಕ್ ಜಿಪ್ ಟೈ ಸಾಕು. ಶಾಕಿನ ಧೂಳುಟೋಪಿಯನ್ನು ಮೇಲಕ್ಕೆ ಸರಿಸಿ, ಹೊಳೆಯುವ ದಂಡದ ಸುತ್ತ ಟೈ ಕಟ್ಟಿ, ಶಾಕಿನ ಮೈಗೆ ತಾಗುವಂತೆ ಕೆಳಗೆ ತಳ್ಳಿ. ಬೆರಳಲ್ಲಿ ದೂಡಿದರೆ ಸರಿಯಬೇಕು, ತಾನಾಗಿ ಜಾರಬಾರದು. ದಿನವೂ ಹೋಗುವ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ನೋಡಿ. ಶಾಕಿನ ಮೈ ಟೈಯನ್ನು ಎಲ್ಲಿಯವರೆಗೆ ತಳ್ಳಿದೆಯೋ ಅಷ್ಟು ಓಡಾಟ ಬಳಕೆಯಾಗಿದೆ. ಟೈ ಬಂಪ್ ಸ್ಟಾಪಿನ ಬುಡಕ್ಕೆ ಹೋಗಿ ಅಂಟಿಕೊಂಡಿದ್ದರೆ ಬಡಿಯುತ್ತಿದೆ. ಸ್ಟಾಪಿನ ತುದಿಗೆ ಆಗೊಮ್ಮೆ ಈಗೊಮ್ಮೆ ಮುಟ್ಟುವುದು ತಪ್ಪಲ್ಲ. ಫೋಮಿನ ಸ್ಟಾಪ್ ಮೆಲ್ಲಮೆಲ್ಲಗೆ ಬಿಗಿಯಾಗುವಂತೆಯೇ ಮಾಡಿರುತ್ತಾರೆ, ಅದೂ ಸಸ್ಪೆನ್ಷನ್ನಿನ ಒಂದು ಭಾಗವೇ. ಜಾಗ ಬೇಕೆಂದು ಅದನ್ನು ಕಿತ್ತೇ ಹಾಕುವವರಿದ್ದಾರೆ. ಆಗ ಲೋಹಕ್ಕೆ ಲೋಹ ಬಡಿದು ಶಾಕಿನ ಒಳಗಿನ ವಾಲ್ವ್ ಒಡೆಯುತ್ತದೆ.

ಎನ್‌ಎಗೆ ಎನ್‌ಬಿಯ ಮೇಲಿನ ಮೌಂಟ್ ಹಾಕಿ ಅನ್ನುತ್ತಾರಲ್ಲ, ಯಾಕೆ?

ಮೌಂಟ್ ಅಂದರೆ ಶಾಕಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಸುವ ಭಾಗ. ಬಂಪ್ ಸ್ಟಾಪಿಗೆ ಬಡಿಯುವುದಕ್ಕೆ ಅಗ್ಗದ ಪರಿಹಾರ ಅದೇ. ಎನ್‌ಬಿಯ ಮೌಂಟಿನಲ್ಲಿ ಬಂಪ್ ಸ್ಟಾಪ್ ಇನ್ನಷ್ಟು ಮೇಲೆ ಹೋಗಿ ಕೂರುವಷ್ಟು ಜಾಗವಿದೆ. ಹಾಗಾಗಿ ಕಾರಿನ ಎತ್ತರ ಬದಲಾಗದೆ ಶಾಕಿನ ಓಡಾಟ ಹೆಚ್ಚುತ್ತದೆ. ಎನ್‌ಎಯನ್ನು ಅರ್ಧ ಇಂಚಾದರೂ ತಗ್ಗಿಸುವವರಿಗೆ ಇದು ಬೇಕೇ ಬೇಕು. ಮೌಂಟ್ ಒಂದನ್ನೇ ಕೊಳ್ಳದೆ ಅದರ ರಬ್ಬರ್ ಬುಶ್ (ಲೋಹಗಳ ನಡುವೆ ಕೂರುವ ಮೆತ್ತೆ), ವಾಷರ್, ಸ್ಲೀವ್ (ಬೋಲ್ಟ್ ಹಾದುಹೋಗುವ ಲೋಹದ ಕೊಳವೆ), ನಟ್ಟು ಎಲ್ಲ ಸೇರಿದ ಸೆಟ್ ತೆಗೆದುಕೊಳ್ಳಿ. ಮುಂದಿನದು ಹಿಂದಿನದು ಅದಲುಬದಲಾಗದಂತೆ ಗುರುತು ಹಾಕಿಡಿ. ಗುಜರಿ ಅಂಗಡಿಯ ಎನ್‌ಬಿಯಿಂದ ತಂದದ್ದಾದರೆ ಲೋಹದ ಭಾಗ ಇಟ್ಟುಕೊಂಡು ರಬ್ಬರ್ ಹೊಸದು ಹಾಕಿ.

ಹಳೆ ಶಾಕಿನ ಮೇಲೆಯೇ ತಗ್ಗಿಸುವ ಸ್ಪ್ರಿಂಗ್ ಹಾಕಬಹುದೇ? ಇರುವ ಸ್ಪ್ರಿಂಗನ್ನೇ ಕತ್ತರಿಸಿದರೆ?

ಎರಡೂ ಬೇಡ. ಸ್ಪ್ರಿಂಗ್ ಬಿಗಿಯಾದಷ್ಟೂ ಅದನ್ನು ಹಿಡಿದು ನಿಲ್ಲಿಸಲು ಶಾಕಿಗೆ ಹೆಚ್ಚು ಶಕ್ತಿ ಬೇಕು. ಸವೆದ ಶಾಕಿನ ಮೇಲೆ ಬಿಗಿ ಸ್ಪ್ರಿಂಗ್ ಕೂತರೆ ಕಾರು ಕುಣಿಯುತ್ತದೆ. ಕತ್ತರಿಸಿದ ಸ್ಪ್ರಿಂಗಿನಲ್ಲಿ ಸುತ್ತು ಕಡಿಮೆಯಾಗಿ ಬಿಗಿತವೇನೋ ಹೆಚ್ಚುತ್ತದೆ, ಆದರೆ ಎತ್ತರ ಇಳಿಯುವ ಪ್ರಮಾಣಕ್ಕೆ ಆ ಹೆಚ್ಚಳ ಸಾಲದು. ಚಕ್ರ ಪೂರ್ತಿ ಕೆಳಗೆ ಜೋತಾಗ ತುದಿ ತನ್ನ ಪೀಠದಿಂದ ಸರಿದುಬಿಡುವ ಅಪಾಯವೂ ಇದೆ.

ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು?

ಲೆಕ್ಕಕ್ಕೆ ಮೊದಲು: 1 ಕೆಜಿ/ಮಿಮೀ ಅಂದರೆ ಸ್ಪ್ರಿಂಗನ್ನು 1 ಮಿಮೀ ಒತ್ತಲು 1 ಕೆಜಿ ಭಾರ ಬೇಕು, ಅದು 56 ಪೌಂಡ್/ಇಂಚಿಗೆ ಸಮ. ಕಾರ್ಖಾನೆಯ ಸ್ಪ್ರಿಂಗ್ ಮುಂದೆ 3 ಕೆಜಿ/ಮಿಮೀಗೆ ಹತ್ತಿರ, ಹಿಂದೆ 2ಕ್ಕೂ ಕಡಿಮೆ. ಕೇಳಲು ಮೆತ್ತಗಿದೆ, ಆದರೆ 1000 ಕೆಜಿ ಸುತ್ತಮುತ್ತಲಿನ ಕಾರಿಗೆ ಅದು ಸಾಧು. ಸ್ಪ್ರಿಂಗ್ ಚಕ್ರದ ನೇರಕ್ಕಿಲ್ಲದೆ ಆರ್ಮಿನ ಒಳಭಾಗದಲ್ಲಿ ಕೂತಿರುವುದರಿಂದ ಚಕ್ರಕ್ಕೆ ತಲುಪುವುದು ಆ ಬಿಗಿತದ ಹೆಚ್ಚುಕಡಿಮೆ ಅರ್ಧ ಎಂಬುದೂ ನೆನಪಿರಲಿ.

ದಿನದ ಓಡಾಟ, ವಾರಾಂತ್ಯಕ್ಕೆ ಘಟ್ಟದಂಥ ರಸ್ತೆ: ಮುಂದೆ 300ರಿಂದ 350, ಹಿಂದೆ 200ರಿಂದ 230 ಪೌಂಡ್/ಇಂಚು. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರು ಮುಂದೆ 550, ಹಿಂದೆ 350ರವರೆಗೆ ಹೋಗಬಹುದು. ಆದರೆ ಆ ಸ್ಪ್ರಿಂಗಿಗೆ ತಕ್ಕ ಶಾಕ್ 1000 ಡಾಲರಿನೊಳಗೆ ಸಿಗುವುದಿಲ್ಲ. ಮುಂದಿನದು ಹಿಂದಿನದಕ್ಕಿಂತ ಬಿಗಿ ಇರಲೇಬೇಕು. ಎರಡೂ ಸಮ ಇರುವ ಸೆಟ್ ಯಾರಾದರೂ ಮಾರುತ್ತಿದ್ದರೆ ಅವರು ಈ ಕಾರನ್ನು ನೋಡಿ ಮಾಡಿಲ್ಲ.

ನನ್ನ ಬಜೆಟ್ಟಿಗೆ ಯಾವ ಶಾಕ್?

500 ಡಾಲರಿನ ಸುತ್ತಮುತ್ತ ಇದ್ದರೆ ಕೆವೈಬಿಯ ಎಕ್ಸೆಲ್-ಜಿ ಶಾಕ್, ಕಾರ್ಖಾನೆಯ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್, ಹೊಸ ಮೇಲಿನ ರಬ್ಬರ್, ಅಲೈನ್‌ಮೆಂಟ್. ಕಾರು ತಗ್ಗುವುದಿಲ್ಲ, ಫೋಟೋದಲ್ಲಿ ಬದಲಾವಣೆ ಕಾಣುವುದಿಲ್ಲ. ಓಡಿಸಿದಾಗ ಮಾತ್ರ ಮಾಜ್ದಾ ಈ ಕಾರನ್ನು ಯಾಕೆ ಮಾಡಿತು ಎಂದು ಗೊತ್ತಾಗುತ್ತದೆ. ಎಷ್ಟೋ ಜನರಿಗೆ ಇಷ್ಟೇ ಸಾಕು.

1000 ಡಾಲರ್ ದಾಟಬಹುದಾದರೆ ಕೋನಿ ಸ್ಪೋರ್ಟ್ ಅಥವಾ ಬಿಲ್‌ಸ್ಟೈನ್, ಜೊತೆಗೆ ಮೇಲೆ ಹೇಳಿದ 300/200ರ ಆಸುಪಾಸಿನ ಸ್ಪ್ರಿಂಗ್, ಎನ್‌ಎಯಾದರೆ ಎನ್‌ಬಿ ಮೌಂಟ್. ಹಳದಿ ಬಣ್ಣದ ಕೋನಿಯಲ್ಲಿ ಸ್ಪ್ರಿಂಗ್ ಪೀಠವನ್ನು ಬೇರೆ ಬೇರೆ ತೋಡಿನಲ್ಲಿ ಕೂರಿಸಿ ಎತ್ತರವನ್ನು ತುಸು ಬದಲಿಸಬಹುದು, ಮೇಲಿನಿಂದ ರೀಬೌಂಡ್ ತಿರುಗಿಸಬಹುದು. ಅದು ಹೊಂದಿಸುವುದು ರೀಬೌಂಡನ್ನು ಮಾತ್ರ, ಅಂದರೆ ಒತ್ತಿಹೋದ ಸ್ಪ್ರಿಂಗ್ ವಾಪಸ್ ಬರುವ ವೇಗವನ್ನು. ಪೂರ್ತಿ ಮೆತ್ತಗಿನ ತುದಿಯಿಂದ ಶುರುಮಾಡಿ ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ. ಒಂದರ ಹಿಂದೊಂದು ಉಬ್ಬು ಬಂದಾಗ ಕಾರು ಕೆಳಗೆ ಕೆಳಗೆ ಕೂರುತ್ತಾ ಹೋದರೆ ರೀಬೌಂಡ್ ಅತಿಯಾಗಿದೆ, ಸ್ವಲ್ಪ ಸಡಿಲಿಸಿ. ಬಿಲ್‌ಸ್ಟೈನ್‌ನಲ್ಲಿ ತಿರುಗಿಸಲು ಏನೂ ಇಲ್ಲ, ಹಾಕಿ ಮರೆತುಬಿಡಬಹುದು. ನಮ್ಮನ್ನು ಕೇಳಿದರೆ ರಸ್ತೆಯ ಕಾರಿಗೆ ಈ ಮಟ್ಟವೇ ಸರಿಯಾದ ಜಾಗ.

2000 ಡಾಲರ್ ಮತ್ತು ಮೇಲೆ ಹೋದರೆ ಓಲಿನ್ಸ್ ರೋಡ್ ಆಂಡ್ ಟ್ರ್ಯಾಕ್, ಕ್ಸಿಡಾದಂಥ ಕಾಯಿಲೋವರುಗಳು (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ). ಇವುಗಳ ದುಡ್ಡು ಹೋಗುವುದು ವಾಲ್ವಿಗೆ, ಓಡಾಟಕ್ಕೆ. ಬಿಗಿ ಸ್ಪ್ರಿಂಗಿದ್ದೂ ಅಗ್ಗದ ಸೆಟ್ಟಿಗಿಂತ ಮೆತ್ತಗೆ ಸಾಗುತ್ತವೆ. ಟ್ರ್ಯಾಕಿಗೆ ಹೋಗದವರಿಗೆ ಅಗತ್ಯವಿಲ್ಲ.

400 ಡಾಲರಿಗೆ ಪೂರ್ತಿ ಕಾಯಿಲೋವರ್ ಸೆಟ್ ಸಿಗುತ್ತದೆ. 32 ಹಂತದ ಹೊಂದಾಣಿಕೆ ಬೇರೆ ಇದೆ. ಅದನ್ನೇ ಕೊಂಡರೆ?

ಹಂತಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಅಂಥ ಸೆಟ್ಟುಗಳಲ್ಲಿ ಒಂದೇ ಗುಂಡಿ ಕಂಪ್ರೆಷನ್ (ಶಾಕ್ ಒತ್ತಿಹೋಗುವಾಗಿನ ತಡೆ), ರೀಬೌಂಡ್ ಎರಡನ್ನೂ ಒಟ್ಟಿಗೆ ಬದಲಿಸುವುದು, ಎಡ ಬಲದ ಶಾಕುಗಳು ಒಂದೇ ಹಂತದಲ್ಲಿ ಬೇರೆ ಬೇರೆ ಬಿಗಿತ ತೋರಿಸುವುದು ಸಾಮಾನ್ಯ. ಸ್ಪ್ರಿಂಗ್ ಹೆಚ್ಚಾಗಿ ಮುಂದೆ 8, ಹಿಂದೆ 6 ಕೆಜಿ/ಮಿಮೀ ಇರುತ್ತದೆ. ಅದನ್ನು ಹಿಡಿಯುವ ವಾಲ್ವ್ ಒಳಗೆ ಇರುವುದಿಲ್ಲ. ಉಪ್ಪಿನ ರಸ್ತೆಯಲ್ಲಿ ಎರಡು ಚಳಿಗಾಲ ಕಳೆದರೆ ಎತ್ತರದ ರಿಂಗುಗಳು ಥ್ರೆಡ್ಡಿಗೆ ಕಚ್ಚಿಕೊಂಡು ಅಲ್ಲಾಡುವುದೂ ಇಲ್ಲ.

ಕಾಯಿಲೋವರೇ ಬೇಕೆನ್ನುವವರು ಮೂರು ವಿಷಯ ವಿಚಾರಿಸಿ: ಶಾಕನ್ನು ಬಿಚ್ಚಿ ದುರಸ್ತಿ ಮಾಡುತ್ತಾರೆಯೇ, ಒಂದೇ ಶಾಕ್ ಬಿಡಿಯಾಗಿ ಸಿಗುತ್ತದೆಯೇ, ಅವರು ಹೇಳುವ ಎತ್ತರದಲ್ಲಿ ಬಂಪ್ ಓಡಾಟ ಎಷ್ಟು ಮಿಮೀ ಉಳಿಯುತ್ತದೆ. ಮೂರನೆಯದಕ್ಕೆ ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಟೈನ್ ಮತ್ತು ಬಿಸಿ ರೇಸಿಂಗಿನ ಸೆಟ್ಟುಗಳು ಬೆಲೆಯಲ್ಲಿ ಇವಕ್ಕಿಂತ ಒಂದು ಮೆಟ್ಟಿಲು ಮೇಲೆ, ಬಿಡಿಭಾಗಗಳೂ ಸಿಗುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಸ್ಪ್ರಿಂಗ್, ಆಂಟಿ-ರೋಲ್ ಬಾರ್ (ಎಡ ಬಲದ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು), ಮೌಂಟಿನ ಲೋಹ ಧಾರಾಳವಾಗಿ ಕೊಳ್ಳಿ. ಶಾಕ್ ಕೊಳ್ಳುವಾಗ ದಂಡದ ಮೇಲೆ ಗೀರು, ಚುಕ್ಕೆ ತುಕ್ಕು ಇದೆಯೇ ಎಂದು ಉಗುರು ಆಡಿಸಿ ನೋಡಿ. ಉಗುರಿಗೆ ತಡೆಯುವ ಗೀರು ಸೀಲನ್ನು ಕೊಯ್ಯುತ್ತದೆ. ಕೆಲವು ಮಿಯಾಟಾಗಳಿಗೆ ಕಾರ್ಖಾನೆಯಿಂದಲೇ ಬಿಲ್‌ಸ್ಟೈನ್ ಬಂದಿತ್ತು. ಆರ್ ಪ್ಯಾಕೇಜ್ ಎಂಬ ಆಯ್ಕೆಯ ಎನ್‌ಎಗಳು ಅಂಥವು. ಬಿಲ್‌ಸ್ಟೈನನ್ನು ಬಿಚ್ಚಿ ಹೊಸದಾಗಿ ವಾಲ್ವ್ ಹೊಂದಿಸಿ ಕೊಡುವವರಿರುವುದರಿಂದ ಹಳೆಯದಾದರೂ ಅದಕ್ಕೆ ಬೆಲೆಯಿದೆ. ಎನ್‌ಎ, ಎನ್‌ಬಿ ಶಾಕುಗಳು ತಕ್ಕ ಮೌಂಟಿದ್ದರೆ ಒಂದಕ್ಕೊಂದು ಕೂರುತ್ತವೆ. 2005ರಲ್ಲಿ ಬಂದ ಮೂರನೇ ತಲೆಮಾರಿನ ಎನ್‌ಸಿಯದು ಬೇರೆಯೇ ಷಾಸಿ, ಅದರ ಯಾವುದೂ ಇಲ್ಲಿಗೆ ಕೂರುವುದಿಲ್ಲ.

ದಪ್ಪ ಆಂಟಿ-ರೋಲ್ ಬಾರ್ ಹಾಕಿದರೆ?

ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವ ಭಾಗ. ಮುಂದಿನದನ್ನಷ್ಟೇ ಬದಲಿಸಿ, ಹಿಂದಿನದು ಕಾರ್ಖಾನೆಯದೇ ಇರಲಿ. ಹಿಂದೆಯೂ ದಪ್ಪ ಬಾರ್ ಹಾಕಿದ ಹಗುರ ಕಾರು ಮಳೆಯಲ್ಲಿ ಹಿಂಬದಿ ಬೀಸುತ್ತದೆ. ಎನ್‌ಎಯಲ್ಲಿ ಮುಂದಿನ ಬಾರನ್ನು ಹಿಡಿದಿರುವ ಬ್ರಾಕೆಟ್ ತೆಳುವಾದದ್ದು. ದಪ್ಪ ಬಾರ್ ಹಾಕಿ ಜೋರಾಗಿ ಓಡಿಸಿದರೆ ಬಾಗುತ್ತದೆ, ಕೊನೆಗೆ ಹರಿಯುತ್ತದೆ. ಬಲಪಡಿಸುವ ತಗಡಿನ ಕಿಟ್ಟನ್ನು ಬಾರಿನ ಜೊತೆಗೇ ತರಿಸಿ. ಎಂಡ್ ಲಿಂಕ್ (ಬಾರಿನ ತುದಿಯನ್ನು ಆರ್ಮಿಗೆ ಜೋಡಿಸುವ ಕಡ್ಡಿ) ಹೊಂದಿಸುವಂಥದ್ದಾದರೆ ಚಾಲಕ ಕೂತಿರುವಾಗ, ಚಕ್ರಗಳ ಮೇಲೆ ಕಾರು ನಿಂತಿರುವಾಗ ಬಾರಿನಲ್ಲಿ ತಿರುಚು ಉಳಿಯದಂತೆ ಹೊಂದಿಸಿ.

ಆರ್ಮುಗಳ ಕೀಲಿನ ಬುಶ್ ರಬ್ಬರಿನದೋ, ಪಾಲಿಯುರೆಥೇನಿನದೋ?

ರಸ್ತೆಗೆ ರಬ್ಬರ್. ಪಾಲಿ ಬುಶ್ ಅಗ್ಗ, ಕೂರಿಸಲು ಪ್ರೆಸ್ ಕೂಡ ಬೇಕಾಗುವುದಿಲ್ಲ, ಆದರೆ ಗ್ರೀಸ್ ಒಣಗಿದ ಮೇಲೆ ಕಿರುಗುಟ್ಟುತ್ತದೆ, ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಕಿದರೆ ಅದರ ಜೊತೆ ಬರುವ ಸಿಲಿಕೋನ್ ಗ್ರೀಸನ್ನೇ ಧಾರಾಳವಾಗಿ ಹಚ್ಚಿ. ಬಜೆಟ್ ಕಡಿಮೆಯಿದ್ದು, ಹಳೆ ಬುಶ್ ಬಿರುಕು ಬಿಟ್ಟಿಲ್ಲದಿದ್ದರೆ ಈ ಕೆಲಸವನ್ನು ಮುಂದಕ್ಕೆ ಹಾಕಿ.

ಮನೆಯಲ್ಲೇ ಹಾಕಿಕೊಳ್ಳಬಹುದೇ? ಎಲ್ಲಿ ಕೈಕೊಡುತ್ತದೆ?

ಎರಡು ದಿನ ಬಿಡುವಿದ್ದರೆ ಆಗುತ್ತದೆ. ಜಾಕ್, ನಾಲ್ಕು ಗಟ್ಟಿ ಸ್ಟ್ಯಾಂಡ್, ಟಾರ್ಕ್ ವ್ರೆಂಚ್, ಉದ್ದ ಹಿಡಿಯ ಪಾನಾ, ಸ್ಪ್ರಿಂಗ್ ಕಂಪ್ರೆಸರ್ ಬೇಕು. ಕಂಪ್ರೆಸರನ್ನು ಬಾಡಿಗೆಗೆ ತಂದರೂ ಅದರ ಕೊಕ್ಕೆ, ಥ್ರೆಡ್ ಸರಿಯಿದೆಯೇ ನೋಡಿ. ಒತ್ತಿದ ಸ್ಪ್ರಿಂಗಿನ ತುದಿಯ ನೇರಕ್ಕೆ ಮುಖ ಇಡಬೇಡಿ.

ಕೆಲಸಕ್ಕೆ ಮೂರು ದಿನ ಮುಂಚಿನಿಂದಲೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿರಿ. ಮುಂದೆ ಮೇಲಿನ ಆರ್ಮಿನ ಉದ್ದ ಬೋಲ್ಟ್ ಎಳೆದರೆ ಶಾಕ್ ಹೊರಬರಲು ಜಾಗವಾಗುತ್ತದೆ. ಹಿಂದೆ ಮೇಲಿನ ನಟ್ಟುಗಳು ಡಿಕ್ಕಿಯ ಒಳಹೊದಿಕೆ ಬಿಚ್ಚಿದರೆ ಸಿಗುತ್ತವೆ, ಕೆಳಗೆ ಚಕ್ರದ ಬಳಿ ಹಾದುಹೋಗುವ ಉದ್ದ ಬೋಲ್ಟ್ ತುಕ್ಕಿನಿಂದ ಸ್ಲೀವಿಗೆ ಕಚ್ಚಿಕೊಂಡಿರುವುದೇ ಹೆಚ್ಚು. ಅದು ತಿರುಗದಿದ್ದರೆ ಸುತ್ತಿಗೆಯಿಂದ ಥ್ರೆಡ್ ಹಾಳು ಮಾಡಬೇಡಿ. ಎಂಡ್ ಲಿಂಕ್ ಬಿಚ್ಚಿ, ಶಾಕಿನ ಕೆಳ ಬೋಲ್ಟ್ ತೆಗೆದು, ಸಹಾಯಕರೊಬ್ಬರು ಆರ್ಮನ್ನು ಕಾಲಿನಿಂದ ಒತ್ತಿ ಹಿಡಿದರೆ ಶಾಕ್ ಹೊರಬರುತ್ತದೆ.

ಶಾಕಿನ ಮೇಲಿನ ನಟ್ಟು ಬಿಗಿಮಾಡುವಾಗ ದಂಡವೂ ಜೊತೆಗೆ ತಿರುಗುತ್ತದೆ. ಆಗ ಇಕ್ಕಳದಿಂದ ಹೊಳೆಯುವ ಭಾಗವನ್ನು ಹಿಡಿದರೆ ಹೊಸ ಶಾಕ್ ಅಲ್ಲಿಗೆ ಮುಗಿಯಿತು. ದಂಡದ ತುದಿಯಲ್ಲಿರುವ ಚಪ್ಪಟೆ ಭಾಗಕ್ಕೆ ಸ್ಪ್ಯಾನರ್ ಕೊಡಿ.

ಆರ್ಮಿನ ಬುಶ್ ಬೋಲ್ಟುಗಳನ್ನು ಕಾರು ಜಾಕಿನ ಮೇಲೆ ತೂಗಾಡುವಾಗ ಪೂರ್ತಿ ಬಿಗಿಯಬೇಡಿ. ರಬ್ಬರ್ ಬುಶ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿದರೆ ಕಾರು ಇಳಿದ ಕ್ಷಣದಿಂದಲೇ ಅದು ತಿರುಚಿಕೊಂಡಿದ್ದು, ಎತ್ತರ ತಪ್ಪು ತೋರಿಸಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆರ್ಮಿನ ಕೆಳಗೆ ಜಾಕ್ ಕೊಟ್ಟು, ಚಕ್ರದ ನಡುವಿನಿಂದ ಫೆಂಡರಿನವರೆಗೆ ಕಾರು ನೆಲದ ಮೇಲೆ ನಿಂತಾಗಿನ ಎತ್ತರವೇ ಬರುವಂತೆ ಎತ್ತಿ, ಆಗ ಬಿಗಿಮಾಡಿ. ಕೆಳಗಿನ ಶಾಕ್ ಬೋಲ್ಟಿಗೆ 73ರಿಂದ 93 ನ್ಯೂಟನ್ ಮೀಟರ್, ಚಕ್ರದ ನಟ್ಟಿಗೆ 88ರಿಂದ 118. ಉಳಿದದ್ದಕ್ಕೆ ನಿಮ್ಮ ಕಾರಿನ ವರ್ಷದ ವರ್ಕ್‌ಶಾಪ್ ಮ್ಯಾನುಯಲ್ ನೋಡಿ.

ಅಲೈನ್‌ಮೆಂಟಿಗೆ ಯಾವ ಅಳತೆ ಕೊಡಬೇಕು?

ಕಂಪ್ಯೂಟರಿನಲ್ಲಿ ಹಸಿರು ಬಂದರೆ ಸಾಕು ಎನ್ನುವ ಅಂಗಡಿ ಬೇಡ. ಈ ಅಂಕಿಗಳನ್ನು ಬರೆದುಕೊಂಡು ಹೋಗಿ. ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮೈನಸ್ 1ರಿಂದ ಮೈನಸ್ 1.5 ಡಿಗ್ರಿ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) 5ರ ಆಸುಪಾಸು, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಟ್ಟು ಸೊನ್ನೆಯಿಂದ 1.5 ಮಿಮೀ ಒಳಮುಖ. ಹಿಂದೆ ಕ್ಯಾಂಬರ್ ಮೈನಸ್ 1.5, ಟೋ ಒಟ್ಟು 1.5ರಿಂದ 3 ಮಿಮೀ ಒಳಮುಖ. ಹಿಂದಿನ ಟೋ ಎಂದೂ ಹೊರಮುಖ ಆಗಬಾರದು, ಬ್ರೇಕ್ ಹಿಡಿದಾಗ ಹಿಂಬದಿ ತಪ್ಪುತ್ತದೆ. ಅಳೆಯುವಾಗ ಚಾಲಕನ ಸೀಟಿನಲ್ಲಿ ನಿಮ್ಮ ತೂಕದ ಭಾರ ಇರಲಿ.

ಮುಂದಿನ ಟೋ ಬಿಟ್ಟು ಉಳಿದ ಹೊಂದಾಣಿಕೆ ಆಗುವುದು ಕೆಳಗಿನ ಆರ್ಮುಗಳ ಕ್ಯಾಮ್ ಬೋಲ್ಟಿನಿಂದ (ತಿರುಗಿಸಿದರೆ ಆರ್ಮನ್ನು ಸರಿಸುವ ಬೋಲ್ಟ್), ಮೂಲೆಗೆ ಎರಡು, ಒಟ್ಟು ಎಂಟು. ಹಳೆ ಕಾರಿನಲ್ಲಿ ಇವು ಬುಶ್ಶಿನ ಸ್ಲೀವಿಗೆ ಕಚ್ಚಿಕೊಂಡಿರುತ್ತವೆ. ಮನೆಯಲ್ಲೇ ನಟ್ಟು ಸಡಿಲಿಸಿ, ಕ್ಯಾಮ್ ಎಲ್ಲಿತ್ತೆಂದು ಬಣ್ಣದಲ್ಲಿ ಗುರುತಿಸಿ, ಬೋಲ್ಟ್ ತಿರುಗುತ್ತದೆಯೇ ನೋಡಿಕೊಂಡು ಅಂಗಡಿಗೆ ಹೋಗಿ. ತಿರುಗದ್ದನ್ನು ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಶ್ ಹಾಕಬೇಕಾಗುತ್ತದೆ. ಹೊಸದನ್ನು ಕೂರಿಸುವಾಗ ಕಚ್ಚದಂತೆ ತಡೆಯುವ ಗ್ರೀಸ್ ಹಚ್ಚಿ. ಸ್ಪ್ರಿಂಗ್ ಬದಲಿಸಿದವರು ಸುಮಾರು 200 ಕಿಮೀ ಓಡಿಸಿ, ಎತ್ತರ ಕೂತಮೇಲೆ ಅಲೈನ್‌ಮೆಂಟ್ ಮಾಡಿಸಿ.

ಎಲ್ಲ ಹೊಸದು ಹಾಕಿದ ಮೇಲೂ ಟಕ್ ಟಕ್ ಸದ್ದು ಬರುತ್ತಿದೆ. ಯಾಕೆ?

ಸಣ್ಣ ಉಬ್ಬಿಗೂ ಸದ್ದು ಬಂದರೆ ಶಾಕಿನ ಮೇಲಿನ ನಟ್ಟು ಸಡಿಲ ಅಥವಾ ವಾಷರ್ ಬಿಟ್ಟುಹೋಗಿದೆ. ಒಂದು ಬದಿಯ ಚಕ್ರ ಮಾತ್ರ ಉಬ್ಬು ಏರಿದಾಗ ಬಂದರೆ ಎಂಡ್ ಲಿಂಕ್ ನೋಡಿ. ದೊಡ್ಡ ಗುಂಡಿಗೆ ಮಾತ್ರ ಧಡ್ ಎಂದರೆ ಬಂಪ್ ಸ್ಟಾಪ್, ಜಿಪ್ ಟೈ ಕಟ್ಟಿ ಪರೀಕ್ಷಿಸಿ. ಸ್ಟೇರಿಂಗ್ ತಿರುಗಿಸುವಾಗ ಬಂದರೆ ಬಾಲ್ ಜಾಯಿಂಟ್ ನೋಡುವವರೆಗೆ ಕಾರು ತೆಗೆಯಬೇಡಿ.

ವಿಮೆ, ಕಾನೂನು? ಊರಿಗೆ ವಾಪಸ್ ಹೋಗುವಾಗ ಕಾರು ಒಯ್ಯಬಹುದೇ?

ಬ್ರಿಟನ್ನಿನಲ್ಲಿ ಸಸ್ಪೆನ್ಷನ್ ಬದಲಿಸಿದ್ದನ್ನು ವಿಮಾ ಕಂಪನಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರ ನಿರಾಕರಿಸಬಹುದು. ಆಸ್ಟ್ರೇಲಿಯಾದಲ್ಲಿ ನಿಯಮ ರಾಜ್ಯಕ್ಕೊಂದು ರೀತಿ ಇರುವುದರಿಂದ ಕೊಳ್ಳುವ ಮುಂಚೆ ವಿಚಾರಿಸಿ. ಭಾರತಕ್ಕೆ ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರು ತರಲು ಸಾಮಾನ್ಯವಾಗಿ ಅವಕಾಶವಿಲ್ಲ. ಎನ್‌ಎ, ಎನ್‌ಬಿ ಬೆಂಗಳೂರಿಗೆ ಬರುವ ದಾರಿ ಹಾಗಾಗಿ ಮುಚ್ಚಿದೆ. ಕಾರು ಮಾರುವ ಯೋಚನೆಯಿದ್ದರೆ ಬಿಚ್ಚಿದ ಕಾರ್ಖಾನೆಯ ಸ್ಪ್ರಿಂಗು, ಮೌಂಟುಗಳನ್ನು ಎಸೆಯದೆ ಹೆಸರು ಬರೆದು ಇಟ್ಟಿರಿ. ಮೂಲ ಭಾಗಗಳ ಜೊತೆ ಬರುವ ಮಿಯಾಟಾಗೆ ಕೊಳ್ಳುವವರು ಹೆಚ್ಚು ಕೊಡುತ್ತಾರೆ.